ಮೂಲದಿಂದಲೇ ಕಟ್ಟಿ

‘ಸಿದ್ಧ ಪ್ಯಾಕೇಜು ಇರುವಾಗ ಮೂಲದಿಂದ ಕಟ್ಟುವ ಉಸಾಬರಿ ಯಾಕೆ?’ ಎಂದು ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರೊಮ್ಮೆ ಜೋಯಿಡಾ ತಾಲ್ಲೂಕಿನ ಕುಂಬಾರವಾಡಕ್ಕೆ ಬರಲಿ. ಇಲ್ಲಿ ನಮ್ಮ ಪುಟ್ಟ ಸರ್ವರ್ ಕಾಯಲು ನನ್ನಲ್ಲಿರುವುದು ಹಳೆಯ 32 ಬಿಟ್ ಕಂಪ್ಯೂಟರ್. ಲಿನಕ್ಸ್‌ನ ಹಲವು ವಿತರಣೆಗಳು ಇಂಥದ್ದಕ್ಕೆ ಪ್ಯಾಕೇಜು ಕೊಡುವುದನ್ನೇ ನಿಲ್ಲಿಸಿವೆ. ಅವರ ಲೆಕ್ಕದಲ್ಲಿ ಇದು ಗುಜರಿ.

1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಹುಟ್ಟಿದ ನಾಗಿಯೋಸ್‌ನ ಸೋರ್ಸ್ ಕೋಡನ್ನು ಪೆನ್‌ಡ್ರೈವ್‌ನಲ್ಲಿ ತಂದೆ. ಕಾನ್ಫಿಗರ್ ಎರಡು ಸಲ ತಕರಾರು ತೆಗೆಯಿತು. ಯಾವ ಲೈಬ್ರರಿ ಇಲ್ಲವೆಂದು ತಾನೇ ಹೇಳಿತು. ಅವನ್ನು ಹಾಕಿ ಮೇಕ್, ಮೇಕ್ ಇನ್‌ಸ್ಟಾಲ್ ಕೊಟ್ಟೆ. ಗುಜರಿ ಕಾವಲಿಗೆ ನಿಂತಿತು.

ನೂರಾರು ಸರ್ವರ್ ನೋಡುವವರಿಗೆ ಪ್ಯಾಕೇಜೇ ಸರಿ, ಒಪ್ಪುತ್ತೇನೆ. ಭದ್ರತಾ ತಿದ್ದುಪಡಿಗಳು ಸಲೀಸಾಗಿ ಬರುತ್ತವೆ. ಆದರೆ ಒಮ್ಮೆಯೂ ಮೂಲದಿಂದ ಕಟ್ಟಿಸದೆ ಕಂಪ್ಯೂಟರ್ ಪದವಿ ಕೊಡುವುದು, ಒಲೆ ಹಚ್ಚಿಸದೆ ಅಡುಗೆ ಕಲಿಸಿದಂತೆ. ಓದಲು, ತಿದ್ದಲು, ಹಂಚಲು ಜಿಪಿಎಲ್ ಪರವಾನಗಿ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಬಳಸದೆ ಬಿಡಬೇಡಿ.