‘ಬಿಡ್ತೀನಿ’ಗೂ ‘ಬಿಡಬಲ್ಲೆ’ಗೂ ನಡುವೆ

ಹದಿನಾರು ಹದಿನೇಳರ ಹುಡುಗ ಸಿಗರೇಟು ಸೇದುತ್ತಾನೆ ಅಂತ ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ನಡೆಯೋದು ಹೆಚ್ಚುಕಡಿಮೆ ಒಂದೇ ನಾಟಕ. ಅಪ್ಪ ಕೂಗಾಡುತ್ತಾರೆ, ಅಮ್ಮ ಅಳುತ್ತಾರೆ, ಯಾರೋ ಚಿಕ್ಕಪ್ಪ ಬಂದು ಕ್ಯಾನ್ಸರಿನ ಬಗ್ಗೆ ಭಾಷಣ ಬಿಗಿಯುತ್ತಾರೆ. ಕೊನೆಗೆ ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸುತ್ತಾರೆ. ಹುಡುಗ ‘ಆಯ್ತು, ಬಿಡ್ತೀನಿ’ ಅಂತಾನೆ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಕಾಲೇಜಿನ ಹಿಂದಿನ ಗೂಡಂಗಡಿ! ಈ ಸಲ ವಾಸನೆ ಬಾರದ ಹಾಗೆ ಬಾಯಲ್ಲೊಂದು ಏಲಕ್ಕಿ, ಅಷ್ಟೇ ವ್ಯತ್ಯಾಸ.

ಅವನಿಗೆ ಹೆದರಿಕೆ ಸಾಲದು ಅನ್ನೋದು ದೊಡ್ಡವರ ತೀರ್ಮಾನ. ನನಗೆ ಹಾಗನ್ನಿಸೋದಿಲ್ಲ. ಹೆದರಿಸೋದಕ್ಕೆ ನಾವೇನೂ ಕಡಿಮೆ ಮಾಡಿಲ್ಲ. 2016ರಿಂದ ಪ್ಯಾಕಿನ ಎರಡೂ ಮುಖದಲ್ಲಿ ಶೇ. 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು. ಸಿನಿಮಾಕ್ಕೆ ಹೋದರೆ ಶುರುವಿಗೆ ಮುಂಚೆಯೇ ಎಚ್ಚರಿಕೆಯ ಜಾಹೀರಾತು. ಹೀಗಿದ್ದೂ 2019ರ ಗ್ಲೋಬಲ್ ಯೂತ್ ಟೊಬ್ಯಾಕೊ ಸರ್ವೆಯಲ್ಲಿ ನಮ್ಮ ದೇಶದ 13ರಿಂದ 15 ವಯಸ್ಸಿನ ಶಾಲಾಮಕ್ಕಳಲ್ಲಿ ಶೇ. 8.5ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. (ಬಿಡಿಯಾಗಿ ಒಂದೊಂದೇ ಸಿಗರೇಟು ಕೊಳ್ಳುವವನಿಗೆ ಪ್ಯಾಕಿನ ಚಿತ್ರ ಸರಿಯಾಗಿ ಕಣ್ಣಿಗೇ ಬೀಳೋದಿಲ್ಲ, ಆ ಮಾತು ಬೇರೆ.)

ಸೇದುವ ಹುಡುಗರಿಗೆ ಅದು ಕೆಟ್ಟದ್ದು ಅಂತ ಗೊತ್ತು. ಬಹಳ ಮಂದಿಗೆ ಬಿಡಬೇಕು ಅಂತಲೂ ಇದೆ. ಇಲ್ಲದಿರುವುದು ‘ನನ್ನ ಕೈಲಿ ಆಗುತ್ತೆ’ ಅನ್ನುವ ನಂಬಿಕೆ.

ಇಲ್ಲೊಂದು ಗೊಂದಲ ಇದೆ. ಆತ್ಮವಿಶ್ವಾಸ ಅಂದ ತಕ್ಷಣ ನಮಗೆ ನೆನಪಾಗೋದು ವೇದಿಕೆ ಹತ್ತಿ ಪಟಪಟ ಮಾತಾಡುವ ಹುಡುಗ. ಅಂಥ ಹುಡುಗರೂ ಸೇದುತ್ತಾರೆ. ‘ನಂಗೆ ಬೇಕಾದಾಗ ಬಿಡ್ತೀನಿ ಬಿಡೋ’ ಅಂತ ನಗುವವರೂ ಅವರೇ. ಅಸಲಿಗೆ ಸಿಗರೇಟು ಈ ವಯಸ್ಸಿನವರನ್ನು ಹಿಡಿಯೋದೇ ಧೈರ್ಯದ ವೇಷ ಹಾಕಿಕೊಂಡು. ಗುಂಪಿನಲ್ಲಿ ಕೈ ಎಲ್ಲಿಡಬೇಕು ಅಂತ ಗೊತ್ತಾಗದವನ ಕೈಗೆ ಅದೊಂದು ಕೆಲಸ ಕೊಡುತ್ತೆ!

ನಾನು ಹೇಳ್ತಿರೋ ನಂಬಿಕೆ ಇದಕ್ಕಿಂತ ಚಿಕ್ಕದು. ‘ಇವತ್ತು ಸಂಜೆ ಟ್ಯೂಷನ್ ಮುಗಿದ ಮೇಲೆ ಗೆಳೆಯ ಸಿಗರೇಟು ಚಾಚಿದಾಗ ಬೇಡ ಅನ್ನಬಲ್ಲೆನಾ?’ ಅನ್ನುವ ಪ್ರಶ್ನೆಗೆ ‘ಹೂಂ’ ಅನ್ನಬಲ್ಲ ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದರ ಬಗ್ಗೆಯೇ ಒಂದು ಹೆಸರುವಾಸಿ ಪ್ರಬಂಧ ಬರೆದರು. ಒಂದು ನಿರ್ದಿಷ್ಟ ಕೆಲಸವನ್ನು ನಾನು ಮಾಡಬಲ್ಲೆ ಅನ್ನುವ ನಂಬಿಕೆ ಎಲ್ಲಿಂದ ಬರುತ್ತೆ ಅಂತ ಅವರು ನಾಲ್ಕು ಮೂಲ ಗುರುತಿಸಿದರು: ತಾನೇ ಮಾಡಿ ಗೆದ್ದದ್ದು, ತನ್ನಂಥವನೊಬ್ಬ ಮಾಡಿದ್ದನ್ನು ಕಂಡದ್ದು, ನಂಬುವವರ ಮಾತು, ಮತ್ತೆ ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಅಂದರೆ ಚಿಕ್ಕದೋ ದೊಡ್ಡದೋ, ಗೆದ್ದು ನೋಡಬೇಕು. ನಮ್ಮ ಬೈಗುಳ ಈ ನಾಲ್ಕರಲ್ಲಿ ಯಾವುದಕ್ಕೂ ಸೇರೋದಿಲ್ಲ, ಗಮನಿಸಿ.

ನಾಲ್ಕನೆಯದೂ ಹುಡುಗರಿಗೆ ಬಹಳ ಮುಖ್ಯ. ಬೆಳೆಯುವ ಮಿದುಳಿಗೆ ನಿಕೋಟಿನ್ ಬೇಗ ಅಂಟಿಕೊಳ್ಳುತ್ತೆ, ದಿನಾ ಸೇದುವ ಹಂತಕ್ಕೆ ಬರುವ ಮುಂಚೆಯೇ ಚಟದ ಲಕ್ಷಣ ಕಾಣಿಸಬಹುದು. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ಓದಿದ್ದು ತಲೆಗೆ ಹತ್ತದಿರೋದು, ನಿದ್ದೆ ಕೆಡೋದು. ಇದು ಕೆಲವು ವಾರಗಳಲ್ಲಿ ಇಳಿಯುವ ಕಾಟ ಅಂತ ಯಾರೂ ಹೇಳದಿದ್ದರೆ, ಹುಡುಗ ಅದನ್ನು ತನ್ನ ದೌರ್ಬಲ್ಯ ಅಂದುಕೊಳ್ಳುತ್ತಾನೆ. ‘ಬೇಕೇ ಬೇಕು’ ಅನ್ನುವ ಆ ತುಡಿತ ಕೂಡ ಒಂದೊಂದು ಸಲಕ್ಕೆ ಕೆಲವು ನಿಮಿಷದ್ದು ಮಾತ್ರ. ಒಂದು ಲೋಟ ನೀರು, ಬೀದಿ ತುದಿಯವರೆಗೆ ಒಂದು ನಡಿಗೆ, ಅಷ್ಟರಲ್ಲಿ ದಾಟಿ ಹೋಗಿರುತ್ತೆ.

ನನ್ನ ಅಕ್ಕನ ಮಗ ಸೆಕೆಂಡ್ ಪಿಯುಸಿಯಲ್ಲಿ ಬಿಡೋಕೆ ಹೊರಟಿದ್ದ. ಹನ್ನೆರಡು ದಿನ ಆದ ಮೇಲೆ ಯಾರದೋ ಬರ್ತ್‌ಡೇ ಪಾರ್ಟಿಯಲ್ಲಿ ಎರಡು ಸೇದಿದ. ಮಾರನೇ ದಿನ ನನಗೆ ಫೋನ್ ಮಾಡಿ, ‘ಮಾವ, ನನ್ನ ಕೈಲಾಗಲ್ಲ, ನಾನು ಇಷ್ಟೇ’ ಅಂದ. ಆ ದನಿಯಲ್ಲಿ ಸಿಗರೇಟಿಗಿಂತ ದೊಡ್ಡದೇನೋ ಸೋತು ಹೋಗಿತ್ತು. ನಾನು ಕೇಳಿದ್ದು ಒಂದೇ: ‘ಆ ಹನ್ನೆರಡು ದಿನ ಹೇಗೆ ಇದ್ದೆಯೋ, ಅದನ್ನ ಹೇಳು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಶುರು ಮಾಡಿದ. ಗೂಡಂಗಡಿ ಸಿಗದಂತೆ ಬೇರೆ ರಸ್ತೆಯಲ್ಲಿ ಬರ್ತಿದ್ದನಂತೆ, ಊಟ ಆದ ಮೇಲೆ ಕಡಲೆಬೀಜ ತಿನ್ನುತ್ತಿದ್ದನಂತೆ, ಒಬ್ಬ ಗೆಳೆಯನಿಗೆ ಮೊದಲೇ ‘ನಂಗೆ ಕೊಡಬೇಡ’ ಅಂದಿದ್ದನಂತೆ. ಹೇಳ್ತಾ ಹೇಳ್ತಾ ಅವನಿಗೇ ಆಶ್ಚರ್ಯ. ಅವನಿಗೆ ಗೊತ್ತಿದ್ದ ಉಪಾಯಗಳು ನನಗೇ ಗೊತ್ತಿರಲಿಲ್ಲ! ಹದಿಮೂರನೇ ದಿನದ ಎರಡು ಸಿಗರೇಟು ಹಿಂದಿನ ಹನ್ನೆರಡು ದಿನಗಳನ್ನು ಅಳಿಸೋದಿಲ್ಲ ಅಂತ ಮಾತ್ರ ನಾನು ಹೇಳಿದೆ. ಆಮೇಲೂ ಒಮ್ಮೆ ಜಾರಿದ. ಈಗ ಸೇದದೆ ವರ್ಷದ ಮೇಲಾಯ್ತು.

‘ಹೀಗೆ ಮುದ್ದು ಮಾಡಿದರೆ ಸಲಿಗೆ ಕೊಟ್ಟ ಹಾಗಲ್ವಾ?’ ಅಂತ ಕೇಳುವವರಿದ್ದಾರೆ. ಸೇದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಜಾರಿದ ದಿನ ‘ನೀನು ಉದ್ಧಾರ ಆಗಲ್ಲ’ ಅಂದರೆ, ಅವನು ಒಳಗೊಳಗೇ ಹೆದರುತ್ತಿದ್ದ ಮಾತಿಗೆ ನಾವೇ ಸಾಕ್ಷಿ ಹೇಳಿದ ಹಾಗೆ. ಆಣೆಯ ಕಷ್ಟವೂ ಇದೇ. ಒಂದು ಸಲ ಮುರಿದರೆ ಎಲ್ಲ ಮುಗಿಯಿತು ಅನ್ನಿಸಿಬಿಡುತ್ತೆ, ಆಮೇಲೆ ಸೇದೋದಕ್ಕೆ ಅಡ್ಡಿಯೇ ಇಲ್ಲ.

ಕಾನೂನು ಬೇಡ ಅಂತಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ ಅನ್ನುತ್ತೆ, ಬಿಡಿ ಸಿಗರೇಟು ಮಾರಾಟವನ್ನೂ ನಿಷೇಧಿಸಿದೆ. ಅಂಗಡಿ ದೂರವಾದಷ್ಟೂ ಹುಡುಗನ ಚಿಕ್ಕ ಗೆಲುವುಗಳು ಸುಲಭ. ಹಾಗೇ, ನಂಬಿಕೆಯೊಂದರಿಂದಲೇ ಎಲ್ಲ ಆಗಿಬಿಡುತ್ತೆ ಅಂತಲೂ ಅಲ್ಲ. ಸಹಾಯ ಕೇಳೋದೂ ಆತ್ಮವಿಶ್ವಾಸವೇ. ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356ಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆ ಸೇವೆಯ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಕೋಟಿನ್ ಗಮ್ಮಿನಂಥವನ್ನು ಮಾತ್ರ ಈ ವಯಸ್ಸಿನವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಹುಡುಗ ಹುಡುಗ ಅಂತಲೇ ಬರೆದೆ. ಹುಡುಗಿಯರಿಗೂ ಇದೇ ಮಾತು. ಮನೆಯಲ್ಲಿ ಬಾಯಿಬಿಟ್ಟು ಹೇಳೋದು ಅವರಿಗೆ ಇನ್ನೂ ಕಷ್ಟ, ಅಷ್ಟೇ.

ನಿಮ್ಮ ಮನೆಯ, ಬೀದಿಯ ಯಾವುದಾದರೂ ಹುಡುಗ ‘ಬಿಡ್ತೀನಿ’ ಅಂದಾಗ ‘ನೋಡೋಣ, ಎಷ್ಟು ದಿನ!’ ಅಂತ ನಗಬೇಡಿ. ‘ನಾಳೆ ಬೆಳಿಗ್ಗೆಯ ಸಿಗರೇಟು ಹೇಗೆ ತಪ್ಪಿಸ್ತೀಯ?’ ಅಂತ ಕೇಳಿ. ಉತ್ತರ ಅವನ ಹತ್ತಿರವೇ ಇರುತ್ತೆ. ಚಿಕ್ಕ ವಯಸ್ಸಿನಲ್ಲೇ ಬಿಟ್ಟವರು ನಿಮ್ಮಲ್ಲೂ ಇದ್ದೀರಿ ಅಂತ ಗೊತ್ತು. ಹೇಗೆ ಬಿಟ್ಟಿರಿ ಅಂತ ಎರಡು ಸಾಲು ಬರೀರಿ. ಬಂಡೂರಾ ಹೇಳಿದ ಎರಡನೇ ಮೂಲ ನೀವೇ ಅಲ್ವಾ?