ಬೆಂಗಳೂರಲ್ಲಿ ಓಡಿಸಿದವನು ಎಲ್ಲಿ ಬೇಕಾದ್ರೂ ಓಡಿಸ್ತಾನಾ?

"ಬೆಂಗಳೂರಲ್ಲಿ ಕಾರು ಓಡಿಸಿದೋನು ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಓಡಿಸ್ತಾನೆ ಬಿಡೋ!"

ರಜೆಗೆ ವಿದೇಶಕ್ಕೆ ಹೊರಟು, ಅಲ್ಲಿ ಬಾಡಿಗೆ ಕಾರು ತಗೋಬೇಕೋ ಬೇಡವೋ ಅಂತ ಅಳುಕುವವರಿಗೆ ನಾವೆಲ್ಲ ಹೇಳುವ ಮಾತು ಇದು. ನಾನೂ ಹೇಳುತ್ತಿದ್ದೆ. ಅಪ್ಪ ಅಮ್ಮನನ್ನು ಕರೆದುಕೊಂಡು ನ್ಯೂಜಿಲೆಂಡಿಗೆ ಹೋಗಿ ಬಂದ ಮೇಲೆ ಬಿಟ್ಟಿದ್ದೇನೆ. ಇದು ಬರೀ ಜಂಬ ಅಲ್ಲ ಸ್ವಾಮೀ, ಅಪಾಯದ ಸುಳ್ಳು.

ಆಗಿದ್ದಿಷ್ಟು. ದಕ್ಷಿಣ ದ್ವೀಪದಲ್ಲಿ ವನಾಕದಿಂದ ಹಾಸ್ಟ್ ಕಡೆ ಹೋಗುವ 6ನೇ ಹೆದ್ದಾರಿ. ಹೆದ್ದಾರಿ ಅಂದರೂ ಒಂದು ಸಲಕ್ಕೆ ಒಂದೇ ಕಡೆಯ ವಾಹನ ಹಿಡಿಸುವ ಸೇತುವೆಗಳು ಅಲ್ಲಿ ಬರುತ್ತಲೇ ಇರುತ್ತವೆ. ಸೇತುವೆಗೆ ಮುಂಚೆ ಒಂದು ಫಲಕ: ಕೆಂಪು ಅಂಚಿನ ವೃತ್ತದೊಳಗೆ ನಮ್ಮ ದಿಕ್ಕಿಗೆ ಸಣ್ಣ ಕೆಂಪು ಬಾಣ, ಎದುರಿನವರಿಗೆ ದೊಡ್ಡ ಕಪ್ಪು ಬಾಣ. ಅಂದರೆ ಮೊದಲು ಅವರು, ಆಮೇಲೆ ನಾವು.

ಫಲಕ ನೋಡಿದೆ. ಎದುರಿನ ಕಾರು ಇನ್ನೂ ದೂರ ಇದೆ ಅನ್ನಿಸಿತು. ಊರಿನ ಅಭ್ಯಾಸ, ಎರಡು ಸಲ ಹೆಡ್‌ಲೈಟ್ ಹೊಡೆದು ನುಗ್ಗಿದೆ. ನಮ್ಮಲ್ಲಿ ಅದರರ್ಥ "ನಾನು ಬರ್ತಿದೀನಿ, ನಿಲ್ಲು". ಎದುರಿನ ಕಾರಿನಲ್ಲಿದ್ದ ಹಿರಿಯರು "ನೀವು ಬನ್ನಿ" ಅಂದುಕೊಂಡರು. ಅಂದುಕೊಳ್ಳದಿದ್ದರೂ ದಾರಿ ಅವರದೇ ತಾನೆ! ಸೇತುವೆ ಮಧ್ಯೆ ಇಬ್ಬರೂ ಬ್ರೇಕ್ ಒತ್ತಿ ನಿಂತಾಗ ಉಳಿದಿದ್ದು ಒಂದು ಮಾರು ಜಾಗ. ಹಿಂದೆ ಕೂತಿದ್ದ ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. "ಈ ಬೆಲ್ಟು ಹೊಟ್ಟೆ ಹಿಡಿಯುತ್ತೆ ಕಣೋ" ಅಂದಾಗ "ಹಿಂದೆ ತಾನೇ, ಬಿಚ್ಚಿಬಿಡಮ್ಮ" ಅಂದವನು ನಾನೇ.

ಆ ಹಿರಿಯರು ಹಾರ್ನ್ ಹೊಡೆಯಲಿಲ್ಲ, ಬೈಯಲಿಲ್ಲ. ಸುಮ್ಮನೆ ಕಾರನ್ನು ಹಿಂದಕ್ಕೆ ತೆಗೆದುಕೊಂಡರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಬೆಂಗಳೂರು ನಮಗೆ ಕಲಿಸುವುದು ಅನುಮಾನ. ಎದುರಿನವನು ನುಗ್ಗುತ್ತಾನೆ ಅಂತ ಎಲ್ಲರೂ ಮೊದಲೇ ತಯಾರು. ವೇಗವೂ ಕಮ್ಮಿ. ಹಾಗಾಗಿ ಬಚಾವ್. ಅಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವವನು, ನಿಲ್ಲಬೇಕಾದ ಕಡೆ ನೀವು ನಿಲ್ಲುತ್ತೀರಿ ಅಂತ ನಂಬಿ ಬರುತ್ತಾನೆ. ನಾವು ಇಲ್ಲಿ ಕಲಿತ ಜಾಣತನವೇ ಅಲ್ಲಿ ಆ ನಂಬಿಕೆ ಮುರಿಯುತ್ತದೆ. "ಅಲ್ಲೂ ಎಡಗಡೆಯೇ ಅಲ್ವಾ" ಅನ್ನುವ ಧೈರ್ಯ ಇನ್ನೂ ಕೆಟ್ಟದ್ದು. ಬಲಗಡೆ ಓಡಿಸುವ ದೇಶದಲ್ಲಾದರೆ ಭಯಕ್ಕಾದರೂ ಎಚ್ಚರ ಇರುತ್ತೆ.

"ಲೈಸೆನ್ಸ್ ಇದೆಯಲ್ಲಪ್ಪಾ" ಅಂತೀರಾ? ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸನ್ನು ನ್ಯೂಜಿಲೆಂಡ್ ಒಪ್ಪುತ್ತದೆ. ಜಪಾನಿಗೆ ಅದೊಂದೇ ಸಾಲದು, ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ಟೂ ಬೇಕು. ಅದಕ್ಕೆ ಮತ್ತೆ ಓಡಿಸಿ ತೋರಿಸಬೇಕಾಗಿಲ್ಲ. ನಮ್ಮ ಲೈಸೆನ್ಸಿನ ಅನುವಾದ ಅಷ್ಟೇ ಅದು, ಒಂದು ವರ್ಷಕ್ಕೆ. ಮೂಲ ಲೈಸೆನ್ಸ್ ಹೇಗೆ ಸಿಕ್ಕಿತು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು :-) ಕಾಗದ ಸರಿಯಿದ್ದರೆ ಪೊಲೀಸರು ಬಿಡಬಹುದು. ಸೇತುವೆ ಬಿಡಲ್ಲ.

ಹಾಗಾದ್ರೆ ಓಡಿಸಲೇಬಾರದಾ? ಧಾರಾಳವಾಗಿ ಓಡಿಸಿ. ಆದರೆ ಹೋಟೆಲ್ಲು, ವಿಮಾನ ಅಂತ ಎರಡು ತಿಂಗಳು ಎಕ್ಸೆಲ್ ಶೀಟ್ ಮಾಡುವ ನಾವು, ಒಂದು ಸಂಜೆ ಆ ದೇಶದ ರಸ್ತೆ ನಿಯಮ ಓದಲಾರೆವೇ? ನ್ಯೂಜಿಲೆಂಡಿನದು ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. 7 ವರ್ಷ ತುಂಬದ ಮಗುವಿಗೆ ಮಕ್ಕಳ ಸೀಟು ಬೇಕೇ ಬೇಕು, ಮಡಿಲು ನಡೆಯಲ್ಲ. ಬಾಡಿಗೆ ಕರಾರಿನಲ್ಲಿ ಹೆಸರಿಲ್ಲದ ಗೆಳೆಯನಿಗೆ "ಸ್ವಲ್ಪ ನೀನು ಓಡಿಸು" ಅಂತ ಸ್ಟೀರಿಂಗ್ ಕೊಟ್ಟರೆ ವಿಮೆಯೂ ಕೈ ಕೊಡುತ್ತದೆ. ರಾತ್ರಿಯಿಡೀ ವಿಮಾನದಲ್ಲಿ ಕೂತು ಇಳಿದ ದಿನವೇ ಓಡಿಸಬೇಡಿ.

ಪ್ರವಾಸದ ಕತೆ ಬರೆಯುವ ಗೆಳೆಯರೇ, ಸರೋವರದ ಹತ್ತು ಫೋಟೋ ಹಾಕುತ್ತೀರಿ, ಕಾರು ಎಷ್ಟು ಅಗ್ಗಕ್ಕೆ ಸಿಕ್ಕಿತು ಅಂತಲೂ ಬರೆಯುತ್ತೀರಿ. ಜೊತೆಗೆ ಎಲ್ಲಿ ತಪ್ಪು ಮಾಡಿದಿರಿ ಅಂತ ಒಂದು ಪ್ಯಾರಾ ಬರೆಯಿರಿ. ನಿಮ್ಮದನ್ನು ಓದಿಯೇ ಇನ್ನೊಬ್ಬ ತನ್ನ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತಾನೆ.

ಏನಂತೀರಾ?