ಧ್ವನಿಯ ಗುಣಕ್ಕೆ ಒರೆಗಲ್ಲು ಯಾವುದು?

ನಾದವನ್ನು ಮನೆಮನೆಗೆ ಮುಟ್ಟಿಸುವ ಕಾರ್ಯದಲ್ಲಿ ನಮ್ಮ ಮೈಸೂರು ಸೀಮೆ ಎಂದೂ ಹಿಂದೆ ಬಿದ್ದುದಲ್ಲ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರು ಯಂತ್ರಶಿಲ್ಪಿಗಳಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು ಎಂಬುದು ಮನನೀಯ. ಕೇಳ್ಮೆಯೆಂಬುದು ಅರ್ಧ ಯಂತ್ರದ ವ್ಯವಹಾರವಾದರೆ ಇನ್ನರ್ಧ ಮನಸ್ಸಿನ ವ್ಯವಹಾರವಷ್ಟೆ.

ಇಂದು ದೇವನೂರಿನಂತಹ ಹಳ್ಳಿಯಲ್ಲಿಯೂ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಅಂತರಜಾಲದ ಮೂಲಕ ಹರಿದು ಬರುತ್ತದೆ. ಅದರ ಬೆನ್ನಿಗೇ ದುಬಾರಿ ಕೇಬಲು, ವಿಶೇಷ ನೆಟ್‌ವರ್ಕ್ ಸ್ವಿಚ್ಚು, ಹೊಸ ಸ್ಟ್ರೀಮರುಗಳ ಜಾಹೀರಾತೂ ಬರುತ್ತದೆ. ಇವುಗಳಿಂದ ಧ್ವನಿ ತಿಳಿಯಾಗುವುದೆಂಬ ಮಾತನ್ನು ಪರೀಕ್ಷಿಸದೆ ನಂಬುವುದು ವಿವೇಕವಲ್ಲ.

ಅಂತರಜಾಲದಲ್ಲಿ ಸಂಗೀತ ಅಂಕಿಗಳ ಪೊಟ್ಟಣಗಳಾಗಿ ಬರುತ್ತದೆ. ದಾರಿಯಲ್ಲಿ ಕೆಟ್ಟ ಪೊಟ್ಟಣವನ್ನು ಯಂತ್ರವೇ ಗುರುತಿಸಿ ಮತ್ತೆ ತರಿಸಿಕೊಳ್ಳುತ್ತದೆ. ಬಂದ ಅಂಕಿಗಳು ಸ್ಮೃತಿಕೋಶದಲ್ಲಿ ನಿಂತು, ಸಾಮಾನ್ಯವಾಗಿ ಪರಿವರ್ತಕದ ಗಡಿಯಾರದ ಲಯಕ್ಕೆ ಧ್ವನಿಯಾಗುತ್ತವೆ. ಅಂಕಿಗಳು ಒಂದೇ ಆಗಿರುವಾಗ ಕೇಬಲಿನ ಬೆಲೆ ಅವುಗಳ ಅರ್ಥವನ್ನು ಬದಲಿಸಲಾರದು. ವಿದ್ಯುತ್ ಗೊಂದಲವೇನಾದರೂ ನುಸುಳುವುದಾದರೆ ಅದನ್ನು ಅಳೆಯಲು ಬರುತ್ತದೆ: ಎರಡೂ ಸ್ಥಿತಿಗಳ ಧ್ವನಿಯನ್ನು ಮುದ್ರಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಉಳಿದುದೇನೆಂದು ನೋಡಿದರಾಯಿತು.

ಕಿವಿಯ ಸಾಕ್ಷ್ಯವೂ ಬೇಕು. ಆದರೆ ಆ ಕಿವಿಗೆ ಬೆಲೆಚೀಟಿ ಕಾಣಿಸಬಾರದು. ತುಸು ಗಟ್ಟಿಯಾದ ಧ್ವನಿ ಉತ್ತಮವೆಂದೇ ತೋರುವುದರಿಂದ ಮೊದಲು ಎರಡರ ಮಟ್ಟವನ್ನೂ ಸಮಗೊಳಿಸಬೇಕು. ಅನಂತರ ಯಾವುದು ನುಡಿಯುತ್ತಿದೆಯೆಂಬುದನ್ನು ತಿಳಿಸದೆ 16 ಬಾರಿ ಕೇಳಿಸಬೇಕು. ಬರಿಯ ಊಹೆಯಿಂದ 12 ಅಥವಾ ಹೆಚ್ಚು ಉತ್ತರಗಳು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಉನ್ನತ ಸಾಂದ್ರತೆಯ ಕಡತಗಳ ವಿಷಯದಲ್ಲಿ ಇಂತಹ ಪರೀಕ್ಷೆಗಳು ನಡೆದಿವೆ. ಸಿ.ಡಿ.ಯು ಸೆಕೆಂಡಿಗೆ 44,100 ಮಾದರಿಗಳನ್ನು ಹಿಡಿಯುತ್ತದೆ. ಸುಮಾರು 20,000 ಹರ್ಟ್ಸ್‌ವರೆಗೆ ಕೇಳುವ ಮಾನವನ ಕಿವಿಗೆ ತತ್ತ್ವತಃ ಅಷ್ಟು ಸಾಕು. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ, ಉನ್ನತ ಸಾಂದ್ರತೆಯ ಧ್ವನಿಗೂ ಸಿ.ಡಿ. ಮಟ್ಟಕ್ಕಿಳಿಸಿದ ಧ್ವನಿಗೂ ಇರುವ ಭೇದವನ್ನು ಕೇಳುಗರು 554ರಲ್ಲಿ 276 ಬಾರಿ ಮಾತ್ರ ಸರಿಯಾಗಿ ಗುರುತಿಸಿದರು. ನಾಣ್ಯ ಚಿಮ್ಮಿದರೂ ಅಷ್ಟೇ! 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರ ಶೇಕಡಾ 52.3 ಆಯಿತು, ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಭೇದ ಸರ್ವಥಾ ಇಲ್ಲವೆನ್ನಲಾಗದು, ಆದರೆ ಅದು ಅತ್ಯಲ್ಪ.

ಹಾಗೆಂದು ಎಲ್ಲ ಸುಧಾರಣೆಯೂ ಹುಸಿಯಲ್ಲ. ಅತಿಯಾಗಿ ಅದುಮಿದ ಕಡತಕ್ಕೆ ಬದಲಾಗಿ ಒಳ್ಳೆಯ ಕಡತ, ಕಳಪೆ ಧ್ವನಿವರ್ಧಕಕ್ಕೆ ಬದಲಾಗಿ ಉತ್ತಮ ಧ್ವನಿವರ್ಧಕ, ಪ್ರತಿಧ್ವನಿಸುವ ಸಭಾಂಗಣಕ್ಕೆ ದಪ್ಪ ಪರದೆ: ಇವುಗಳ ಫಲವನ್ನು ಹಿಂದಿನ ಸಾಲಿನ ಮಗುವೂ ಹೇಳಬಲ್ಲದು. ಶಾಲೆಗೆ ಧ್ವನಿವ್ಯವಸ್ಥೆಯನ್ನು ದಾನವಾಗಿ ನೀಡಬಯಸುವ ಮಹನೀಯರು ಈ ಅನುಕ್ರಮವನ್ನು ಮರೆಯಬಾರದೆಂದು ನಮ್ಮ ವಿನಂತಿ. ಬೆವರು ಸುರಿಸಿ ಗಳಿಸಿದ ಹಣ ಕೇಳಿಸದ ಗುಣಕ್ಕಾಗಿ ವ್ಯಯವಾಗಬಾರದು.

ಇದಕ್ಕಿಂತ ಮಿಗಿಲಾದ ಲಾಭವೊಂದಿದೆ. ಮೇಲಿನ ಪರೀಕ್ಷೆಗೆ ಬೇಕಾದುದು ಒಂದು ಪರದೆ, ಒಂದು ನಾಣ್ಯ, ಒಂದು ಹಾಳೆ. ನಮ್ಮ ವಿಜ್ಞಾನ ಶಿಕ್ಷಕರು ಇದನ್ನು ಎಂಟನೆಯ ತರಗತಿಯ ಮಕ್ಕಳಿಂದಲೇ ಮಾಡಿಸಬಹುದು. ಹೇಳಿದ್ದನ್ನೆಲ್ಲ ಒಪ್ಪದೆ, ಒಪ್ಪದ್ದನ್ನೆಲ್ಲ ಹಳಿಯದೆ, ಒರೆಗೆ ಹಚ್ಚಿ ನೋಡುವ ಬುದ್ಧಿ ಮಕ್ಕಳಿಗೆ ಬಂದರೆ ಯಾವ ಸ್ಟ್ರೀಮರೂ ಕೊಡಲಾರದ ಸಂಪತ್ತು ಶಾಲೆಗೆ ದಕ್ಕಿದಂತೆ.